ಕಾಯಿಲ್ಲದ ತೆಂಗಿನಮರಗಳ ದೇಶ

ಮೊನ್ನೆ ಬುಧವಾರ ಬೆಳಿಗ್ಗೆ ಪಕ್ಕದ ಮನೆಯ ಕಾವ್ಯ ಮೊಬೈಲು ಹಿಡಿದುಕೊಂಡು ಬಂದು ಜಗಲಿಯ ಮೇಲೆ ನನಗೆ ಒತ್ತಿಕೊಂಡು ಕೂತಳು. ಮುಂದಿನ ತಿಂಗಳು ಅವಳ ಮದುವೆ. ಮದುವೆಯಾದ ಮೇಲೆ ಇಬ್ಬರೂ ಥಾಯ್ಲೆಂಡಿಗೆ ಹೋಗುತ್ತಾರಂತೆ. ಅಲ್ಲಿ ಯಾವ ಊರು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. "ಆಂಟಿ, ಇದ್ರಲ್ಲಿ ಯಾವ್ದು ಚೆನ್ನಾಗೈತೆ ಹೇಳಿ" ಎಂದು ಒಂದೊಂದೇ ಚಿತ್ರ ತೋರಿಸಿದಳು. ನೀಲಿ ನೀರು, ಬಿಳಿ ಮರಳು, ನೀರಿನ ಕಡೆಗೆ ಬಾಗಿದ ತೆಂಗಿನಮರ. ನಾನು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಮರದ ತಲೆಯ ಕಡೆಗೆ ಎಳೆದೆ. "ಅಯ್ಯೋ, ರೂಮ್ ನೋಡಿ ಅಂದ್ರೆ ಮರ ನೋಡ್ತಾ ಕೂತಿದ್ದೀರಲ್ಲ ಆಂಟಿ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಅವಳು ಎದ್ದುಹೋದ ಮೇಲೂ ನಾನು ಜಗಲಿ ಬಿಟ್ಟು ಏಳಲಿಲ್ಲ. ಯಾಕೆ ಎಂದು ನಿಮಗೆ ಹೇಳಿಬಿಡುತ್ತೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಅನುಮಾನದ ಹೆಂಗಸು. ಹಾಲಿನವನು ಒಂದು ದಿನ ಗಟ್ಟಿ ಹಾಲು ಕೊಟ್ಟರೂ ನನಗೆ ಅನುಮಾನವೇ, ಇವತ್ತೇನು ವಿಶೇಷ ಅಂತ. ಇದು ನನ್ನೊಬ್ಬಳ ಗುಣವಲ್ಲ, ನಮ್ಮ ತಿಪಟೂರು ಸೀಮೆಯವರಿಗೆಲ್ಲ ಅಷ್ಟೋ ಇಷ್ಟೋ ಇದ್ದೇ ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ನಾವು ಉಂಡೆ ಕೊಬ್ಬರಿ ಮಾಡುವವರು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಇಲ್ಲಾ ಕೊಳೆತು ಕೂತಿದೆಯೋ ಹೊರಗಿನಿಂದ ಯಾರಿಗೆ ಗೊತ್ತಾಗುತ್ತದೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಗುಡುಗುಡು ಎಂದರೆ ಸರಿ. ಸದ್ದು ಸ್ವಲ್ಪ ಬೇರೆ ಥರ ಬಂದರೂ ಪಕ್ಕಕ್ಕೆ ಇಡುತ್ತೇವೆ. ಹೀಗೆ ವರ್ಷವಿಡೀ ಅಲ್ಲಾಡಿಸಿ ನೋಡುವ ಕೈಗೆ ಮನುಷ್ಯರನ್ನೂ ಅಲ್ಲಾಡಿಸಿ ನೋಡಬೇಕು ಅನ್ನಿಸುವುದು ಸಹಜವಲ್ಲವೇ?

ನಮ್ಮ ಯಜಮಾನರಿಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಗೊಬ್ಬರ ಮತ್ತು ಔಷಧಿಯ ಅಂಗಡಿ. ನಾನು ಹೇಳುತ್ತಿರುವುದು ಎರಡು ಸಾವಿರದ ಎರಡೋ ಮೂರೋ ಇಸವಿಯ ಮಾತು. ಆಗ ತೆಂಗಿಗೆ ನುಸಿ ಪೀಡೆ ಬಂದು ಊರೂರೇ ಗೋಳಾಡುತ್ತಿತ್ತು. ಕಾಯಿಯ ಮೈಯೆಲ್ಲ ಸುಟ್ಟ ಗಾಯದ ಹಾಗೆ ಕಂದುಗಟ್ಟಿ, ಮುಷ್ಟಿಯಷ್ಟಕ್ಕೇ ನಿಂತುಬಿಡುತ್ತಿತ್ತು. ಜನ ಕೈಗೆ ಸಿಕ್ಕ ಔಷಧಿಯನ್ನೆಲ್ಲ ಕೊಂಡರು. ಆ ವರ್ಷ ನಮ್ಮ ಅಂಗಡಿಯಲ್ಲಿ ಎಂದೂ ಆಗದ ವ್ಯಾಪಾರ ಆಯಿತು. ಔಷಧಿ ಕಂಪನಿಯವರು ಖುಷಿಯಾಗಿ, ಇಬ್ಬರಿಗೆ ಥಾಯ್ಲೆಂಡ್ ಪ್ರವಾಸ ಎಂದರು. ನಮ್ಮ ಹಿತ್ತಿಲ ಒಂದೂವರೆ ಎಕರೆ ತೋಟವನ್ನು ತಿಂದ ನುಸಿಯೇ ನಮಗೆ ವಿಮಾನದ ಟಿಕೆಟ್ಟು ತಂದುಕೊಟ್ಟಿತ್ತು. ನನ್ನ ಮೊದಲನೆಯ ಅನುಮಾನ ಅಲ್ಲಿಂದಲೇ ಶುರುವಾಯಿತು ಎನ್ನಿ.

ಸಂಜೆ ಮನೆಗೆ ಬಂದ ಯಜಮಾನರು ಕಾಫಿ ಲೋಟ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡದೆ ಗೋಡೆಗೆ ಹೇಳುವ ಹಾಗೆ ಹೇಳಿದರು.

"ಕಂಪ್ನಿಯೋರು ಇಬ್ರಿಗೆ ಅಂದವ್ರೆ. ನೀನೂ ಬಾ, ಹೋಗ್ಬರಾಣ."

ನೀವಾದರೆ ಏನನ್ನುತ್ತಿದ್ದಿರೋ ಕಾಣೆ. ನಾನು, "ಯಾಕೆ?" ಅಂದೆ.

ಹಾಗೆ ಕೇಳಲು ಕಾರಣವಿತ್ತು. ಹಿಂದಿನ ವರ್ಷ ಬೇರೆ ಅಂಗಡಿಯವರೆಲ್ಲ ಹೋಗಿದ್ದರು. ಎಲ್ಲರೂ ಗಂಡಸರೇ, ಜೊತೆಗೆ ಭಾವಮೈದುನನೋ ಪಾಲುದಾರನೋ. ತುರುವೇಕೆರೆಯಲ್ಲಿ ಇಂಥದ್ದೇ ಅಂಗಡಿ ಇಟ್ಟಿದ್ದವರ ಹೆಂಡತಿ ಲಲಿತಮ್ಮ ಒಂದು ಮದುವೆಯಲ್ಲಿ ಸಿಕ್ಕಿದಾಗ ನನ್ನ ಕಿವಿಯಲ್ಲಿ ಹೇಳಿದ್ದರು. "ನಮ್ಮೋರು ಮೂರ್ ರೋಲ್ ಫೋಟೋ ತೆಗ್ದಿದ್ರಂತೆ ಕಣ್ರೀ. ನಮ್ಗೆ ತೋರ್ಸಿದ್ದು ಒಂದೇ ರೋಲು. ಇನ್ನೆರಡು ಎಲ್ಲೋದ್ವು ಅಂತ ಇವತ್ತಿಗೂ ಬಾಯ್ ಬುಟ್ಟಿಲ್ಲ." ಆ ಎರಡು ರೋಲು ನನ್ನ ತಲೆಯಲ್ಲಿ ಬಿಚ್ಚಿಕೊಂಡು ಹೋಗಿದ್ದವು. ಇವರು ನನ್ನನ್ನು ಬಿಟ್ಟು ಹೋಗುತ್ತೇನೆ ಎಂದಿದ್ದರೆ ಅನುಮಾನ ಪಡುವುದು ಸುಲಭವಿತ್ತು. ಕರೆದುಕೊಂಡು ಹೋಗುತ್ತೇನೆ ಎಂದರಲ್ಲ, ಅದು ಇನ್ನೂ ಹೆಚ್ಚಿನ ಅನುಮಾನಕ್ಕೆ ಕಾರಣವಾಯಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ನಾವಿಬ್ಬರೇ ಅಂತ ತಿಪಟೂರಿನ ಟಾಕೀಸಿಗೂ ಹೋದವರಲ್ಲ. ಧರ್ಮಸ್ಥಳ, ತಿರುಪತಿ, ಎಲ್ಲಿ ಹೋದರೂ ಅತ್ತೆ, ಮಕ್ಕಳು, ನಾದಿನಿಯ ಮನೆಯವರು, ಒಂದು ವ್ಯಾನು ಜನ. ಇಂಥ ಮನುಷ್ಯ ಈಗ ಏಕಾಏಕಿ ಹೆಂಡತಿಯನ್ನು ಕರೆಯುತ್ತಾನೆ ಎಂದರೆ ನನ್ನನ್ನು ಮುಂದಿಟ್ಟುಕೊಂಡು ಏನನ್ನೋ ಮುಚ್ಚುತ್ತಿದ್ದಾರೆ ಎಂದೇ ನನ್ನ ಲೆಕ್ಕ.

ಅದರ ಜೊತೆಗೆ ಒಂದು ಫಾರಂ ಬೇರೆ ತಂದಿಟ್ಟರು. ಪಾಸ್‌ಪೋರ್ಟಿನದು. ಅವರದು ಹಿಂದಿನ ವರ್ಷವೇ ಆಗಿತ್ತು. ಕಂಪನಿಯವರು ಹೇಳಿದ್ದರಂತೆ, ಮಾಡಿಸಿಟ್ಟಿದ್ದರಂತೆ. ನನಗೆ ಹೇಳಿರಲಿಲ್ಲ. ನಾಲ್ಕು ಕಡೆ ಸಹಿ ಮಾಡು ಎಂದರು. ನಾಲ್ಕು ಕಡೆ ಯಾಕೆ ಎಂದು ಕೇಳಿ, ನಿಧಾನವಾಗಿ ಓದಿ ಮಾಡುತ್ತೇನೆ ಎಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

ಪ್ರವಾಸದಲ್ಲಿ ಬ್ಯಾಂಕಾಕು ಕಂಪನಿಯವರೇ ಗೊತ್ತುಮಾಡಿದ್ದು. ಉಳಿದ ಎರಡು ದಿನಕ್ಕೆ ಯಾವ ಊರು ಬೇಕೋ ನಾವೇ ಆರಿಸಿ ಬರೆದುಕೊಡಬೇಕು. ಅದಕ್ಕೆ ನುಣುಪು ಕಾಗದದ ಒಂದು ಬಣ್ಣದ ಪುಸ್ತಕ ಕೊಟ್ಟಿದ್ದರು. ಇವರು ಅದನ್ನು ನನ್ನ ಮುಂದೆ ಇಟ್ಟು, "ನಿಂಗ್ಯಾವ್ದು ಬೇಕೋ ಅದು" ಎಂದರು. ಇಷ್ಟು ಧಾರಾಳ ಯಾಕೋ ಎಂದು ಅದನ್ನೂ ಒಂದು ಅನುಮಾನವಾಗಿ ಗಂಟು ಕಟ್ಟಿಕೊಂಡೆ.

ಪಟ್ಟಾಯ ಮೊದಲನೆಯ ಪುಟದಲ್ಲೇ ಇತ್ತು. ಲಲಿತಮ್ಮನ ಯಜಮಾನರು ಹೋಗಿದ್ದು ಅಲ್ಲಿಗೇ. ಓದದೆಯೇ ತಿರುವಿಹಾಕಿದೆ. ಆಮೇಲೆ ಫುಕೆಟ್. ಸಮುದ್ರದ ದಡ, ತೆಂಗಿನಮರಗಳ ಸಾಲು. ನಾನು ಅಭ್ಯಾಸಬಲದಿಂದ ಮರದ ತಲೆ ನೋಡಿದೆ. ಒಂದು ಮರದಲ್ಲೂ ಒಂದು ಕಾಯಿಲ್ಲ. ಇನ್ನೊಂದು ಪುಟ ತಿರುಗಿಸಿದೆ, ಅಲ್ಲೂ ಇಲ್ಲ. ಎಳನೀರಿಲ್ಲ, ಹರಳೆನ್ನುವ ಮಿಡಿಗಾಯಿಯೂ ಇಲ್ಲ, ಬರೀ ಗರಿ. ನುಸಿ ಬಿದ್ದ ಮರದಲ್ಲೂ ನಾಲ್ಕು ಸೊಟ್ಟ ಕಾಯಾದರೂ ನೇತಾಡುತ್ತವೆ. ಇದು ಇನ್ನೆಂಥ ರೋಗ? ನಾವು ಅಲ್ಲಿ ಓಡಾಡಿ ಬಟ್ಟೆಯಲ್ಲಿ ಆ ರೋಗವನ್ನು ಹೊತ್ತು ತಂದರೆ ಅಳಿದುಳಿದ ತೋಟದ ಗತಿಯೇನು? ಅತ್ತೆಯನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಅಯ್ಯೋ ಶಿವನೇ, ಎಲ್ಲಾ ಗೊಡ್ಡು ಮರಗಳು ಕಣವ್ವ. ಇಂಥಾ ದೇಸಕ್ಕೆ ಏನ್ ನೋಡಕ್ ಹೋಗ್ತೀರಿ?" ಎಂದರು.

ಇವರು ಪಾಪ, ಕಂಪನಿಯವರಿಗೆ ಫೋನು ಮಾಡಿ ವಿಚಾರಿಸಿಕೊಂಡು ಬಂದರು. "ರೋಗ ಅಲ್ವಂತೆ ಕಣೇ. ಕೆಳಗೆ ಜನ ಮಲಗಿರ್ತಾರಲ್ಲ, ತಲೆ ಮೇಲೆ ಬೀಳ್ದಿರ್ಲಿ ಅಂತ ಎಳೇದ್ರಲ್ಲೇ ಕಿತ್ತಾಕ್ತಾರಂತೆ."

"ನೆರಳಿಗೋಸ್ಕರ ಫಲಾನ ಕಿತ್ತಾಕ್ತಾರಾ? ನಂಬೋ ಮಾತಾ ಇದು?" ಎಂದೆ. ತೆಂಗಿನಮರದ ಕೆಳಗೆ ಯಾರಾದರೂ ಬುದ್ಧಿಯಿದ್ದವರು ಮಲಗುತ್ತಾರೆಯೇ? ನಮ್ಮಲ್ಲಿ ಎಮ್ಮೆ ಕಟ್ಟುವುದಕ್ಕೂ ಯೋಚನೆ ಮಾಡುತ್ತೇವೆ. ಅಷ್ಟೊಂದು ಜನ ಕುರ್ಚಿ ಹಾಕಿಕೊಂಡು ಮಲಗಿದ್ದಾರೆ ಎಂದರೆ ಅವರಿಗೆ ತೆಂಗಿನ ವಿಷಯ ಏನೂ ಗೊತ್ತಿಲ್ಲ, ಗೊತ್ತಿಲ್ಲದವರನ್ನು ಹಿಡಿದು ಯಾರೋ ಮೋಸ ಮಾಡುತ್ತಿದ್ದಾರೆ ಎಂದು ವಾದಿಸಿದೆ.

ಮಾರನೆಯ ದಿನ ಉತ್ತರದ ಕಡೆಯ ಗುಡ್ಡದ ಊರೊಂದನ್ನು ತೋರಿಸಿದರು. ಅಲ್ಲಿ ಆನೆಗಳಿದ್ದವು, ದೇವಸ್ಥಾನಗಳಿದ್ದವು, ತೆಂಗಿನಮರವೇ ಇರಲಿಲ್ಲ. ತೆಂಗು ಬಾರದ ಊರಿನ ನೀರು ಹೇಗಿರುತ್ತದೋ ಎಂದು ಅದನ್ನೂ ಬಿಟ್ಟೆ. ಕೊನೆಗೆ ಒಂದು ದ್ವೀಪದ ಚಿತ್ರ ಸಿಕ್ಕಿತು. ಮನೆಯ ಹಿತ್ತಿಲಲ್ಲಿ ಕಾಯಿಯ ರಾಶಿ, ಪಕ್ಕದಲ್ಲಿ ಒಬ್ಬಳು ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಾಳೆ. ನನಗೆ ಒಂದು ಗಳಿಗೆ ಬಹಳ ಇಷ್ಟವಾಯಿತು. ಇವರ ಮುಖವೂ ಅರಳಿತು. ಅಷ್ಟರಲ್ಲಿ ನನ್ನ ಗ್ರಹಚಾರ, ರಾಶಿ ಹಾಕಿದ ರೀತಿ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು.

"ರೀ, ಇದು ನಮ್ಮ ಶೆಟ್ಟಿಕೆರೆ ರಸ್ತೇಲಿ ತೆಗ್ದಿರೋ ಫೋಟೋ."

"ಶೆಟ್ಟಿಕೆರೇಲಿ ಹೆಂಗಸ್ರು ಮೊರದಂಥ ಟೋಪಿ ಹಾಕ್ಕಂತಾರೇನೇ?"

"ಟೋಪಿ ಯಾರ್ ತಲೆಗ್ ಬೇಕಾದ್ರೂ ಹಾಕ್ಬಹುದು."

ಅವರು ಪುಸ್ತಕ ಮಡಿಸಿ ಕಿಟಕಿಯ ಮೇಲಿಟ್ಟು ಅಂಗಡಿಗೆ ಹೋದರು. ಗೆದ್ದೆ ಎಂದುಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೀಗೇ ಎರಡು ತಿಂಗಳು ಕಳೆಯಿತು. ಫಾರಂ ಸೀರೆಗಳ ಕೆಳಗೇ ಇತ್ತು. ಅವರು ವಾರಕ್ಕೊಮ್ಮೆ "ಸಹಿ ಹಾಕ್ದಾ?" ಎಂದು ಕೇಳುವರು, ನಾನು "ಓದ್ತಾ ಇದೀನಿ" ಎನ್ನುವೆ. ಕೇಳುವುದನ್ನು ನಿಲ್ಲಿಸಿದ ಮೇಲೆ, ಯಾಕೆ ನಿಲ್ಲಿಸಿದರು ಎಂದು ಅನುಮಾನ ಪಟ್ಟೆ.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕಂಪನಿಯ ಮೇನೇಜರು ಮನೆಗೇ ಬಂದರು. ಹೆಸರು ಬರೆಸಲು ಅವತ್ತೇ ಕೊನೆಯ ದಿನ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಮೇಡಮ್ಮೋರ ಪಾಸ್‌ಪೋರ್ಟ್ ಕೊಡಿ ಸಾರ್."

"ಆಗಿಲ್ಲ ಕಣ್ರೀ."

"ಹಂಗಾದ್ರೆ ನೀವ್ ಬನ್ನಿ. ಜೊತೆಗೆ ಇನ್ಯಾರಾದ್ರೂ ಸ್ನೇಹಿತ್ರನ್ನ ಕರ್ಕಳಿ. ಎಲ್ರೂ ಹಂಗೇ ತಾನೇ ಮಾಡೋದು? ಮಜವಾಗಿರ್ತದೆ."

ಇಷ್ಟು ದಿನ ನಾನು ಕಾಯುತ್ತಿದ್ದ ಗಳಿಗೆ ಇದೇ. ಈಗ ಹೂಂ ಎನ್ನುತ್ತಾರೆ, ನನ್ನ ಅನುಮಾನವೆಲ್ಲ ನಿಜವಾಗುತ್ತದೆ. ನಿಜವಾಗಲಿ ಎಂದು ಬಯಸಿದೆನೋ, ಆಗದಿರಲಿ ಎಂದು ಬಯಸಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಬ್ಯಾಡ ಬುಡಿ" ಎಂದರು ಇವರು. "ನಾನೂ ಬರಲ್ಲ."

ಹೋಗದವರಿಗೆ ಬದಲಿಗೆ ಮಿಕ್ಸಿಯೋ ಗ್ರೈಂಡರೋ ಕೊಡುತ್ತಾರಂತೆ. ಗ್ರೈಂಡರ್ ಎಂದು ಬರೆಸಿಕೊಂಡು ಮೇನೇಜರು ಹೋದರು. ನಾನು ಹೊರಗೆ ಬಂದೆ. ಆಗಲಾದರೂ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಯಾಕ್ ಬೇಡ ಅಂದ್ರಿ? ನಿಮ್ಮ ಸ್ನೇಹಿತ್ರು ಯಾರೂ ಬರಲ್ಲ ಅಂದ್ರಾ?" ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಎದ್ದು ಕಿಟಕಿಯ ಮೇಲಿದ್ದ ಪುಸ್ತಕ ತಂದು ಫುಕೆಟ್ ಪುಟ ಬಿಡಿಸಿ ನನ್ನ ಮಡಿಲಲ್ಲಿ ಇಟ್ಟರು.

"ಇಷ್ಟ್ ದಿನ ನೀನು ಬರೀ ಮರದ್ ತಲೇನೇ ನೋಡ್ದೆ. ಮರದ ಕೆಳಗೆ ಇಬ್ರು ಕೂತವ್ರಲ್ಲ, ಅವ್ರು ನಿಂಗೆ ಕಾಣ್ಲೇ ಇಲ್ವಾ?"

ನೋಡಿದೆ. ಮರದ ಬುಡದಲ್ಲಿ ಗಂಡಹೆಂಡಿರಿಬ್ಬರು ಕೂತಿದ್ದರು. ನಮ್ಮದೇ ವಯಸ್ಸಿನವರು. ಹೊಟ್ಟೆ ಬಂದ ಗಂಡಸು, ಕಾಲು ಚಾಚಿಕೊಂಡ ಹೆಂಗಸು. ಅವರ ಸುತ್ತ ಅತ್ತೆಯಿಲ್ಲ, ಮಕ್ಕಳಿಲ್ಲ, ಗಿರಾಕಿಗಳಿಲ್ಲ. ಇಬ್ಬರೂ ಸುಮ್ಮನೆ ಸಮುದ್ರ ನೋಡುತ್ತಿದ್ದರು. ಎರಡು ತಿಂಗಳು ಆ ಚಿತ್ರವನ್ನು ಎಷ್ಟು ಸಲ ನೋಡಿದ್ದೆನೋ, ಆ ಇಬ್ಬರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಗಂಡ ಅವರನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ನನಗೆ ದುಃಖ ಉಕ್ಕಿ ಬಂತು. ಅನ್ನ ಸೀಯುತ್ತದೆ ಎಂದು ಸುಳ್ಳು ಹೇಳಿ ಒಳಗೆ ಹೋಗಿ ಚೆನ್ನಾಗಿ ಅತ್ತೆ.

ಮಾರನೆಯ ಬೆಳಿಗ್ಗೆ ಫಾರಂ ತೆಗೆದು ಒಂದಕ್ಷರ ಓದದೆ ನಾಲ್ಕು ಕಡೆಯೂ ಸಹಿ ಹಾಕಿಕೊಟ್ಟೆ. ಪೊಲೀಸರು ವಿಚಾರಣೆಗೆ ಬಂದುಹೋಗಿ, ಪಾಸ್‌ಪೋರ್ಟ್ ಕೈಗೆ ಬರುವಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಮಕ್ಕಳ ಓದು, ಮಗಳ ಮದುವೆ. ಕಂಪನಿಯ ಪ್ರವಾಸ ಮತ್ತೆ ನಮ್ಮ ಪಾಲಿಗೆ ಬರಲಿಲ್ಲ, ಇವರೂ ಮತ್ತೆ ಕೇಳಲಿಲ್ಲ. ಹತ್ತು ವರ್ಷ ಬೀರುವಿನಲ್ಲಿದ್ದು ಆ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಒಂದು ಪುಟದಲ್ಲೂ ಒಂದು ಮುದ್ರೆ ಬೀಳಲಿಲ್ಲ. ಇವರು ಕೇಳಲಿ ಎಂದು ನಾನು ಕಾದೆ. ಒಂದು ಸಲ ಕೇಳಿ ಅಷ್ಟು ಪಾಡು ಪಟ್ಟ ಮನುಷ್ಯ ಇನ್ನೊಂದು ಸಲ ಯಾಕೆ ಕೇಳುತ್ತಾರೆ, ನಾನೇ ಕೇಳಬೇಕು ಎಂದು ನನಗೆ ಹೊಳೆಯುವುದಕ್ಕೆ ಇಪ್ಪತ್ತು ವರ್ಷ ಹಿಡಿದಿದೆ ನೋಡಿ.

ಬುಧವಾರ ಕಾವ್ಯ ಹೋದ ಮೇಲೆ ಅಂಗಡಿಗೆ ಫೋನು ಮಾಡಿದೆ. ಈಗ ಮಗನೂ ಅಂಗಡಿಯಲ್ಲಿ ಕೂರುತ್ತಾನೆ, ಇವರಿಗೆ ಬಿಡುವಿದೆ.

"ರೀ, ಎಲ್ಲಾದ್ರೂ ಹೋಗಾಣ್ವಾ?"

"ಎಲ್ಲಿಗೆ?"

"ಎಲ್ಲಿಗಾದ್ರೂ ಸರಿ. ಸಮುದ್ರ ಇರೋ ಕಡೆ. ನೀವೇ ಹೇಳಿ."

"ಯಾರ್ಯಾರು?" ಎಂದರು.

"ಯಾರೂ ಇಲ್ಲ. ನಾವಿಬ್ರೇ."

ಫೋನು ನಿಂತುಹೋಯಿತು. ಸಿಗ್ನಲ್ ಇಲ್ಲವೇನೋ ಎಂದು ಸೊಪ್ಪು ಬಿಡಿಸುತ್ತಾ ಕೂತೆ. ಕಾಲು ಗಂಟೆಯೊಳಗೆ ಬಾಗಿಲಲ್ಲಿ ಸ್ಕೂಟರಿನ ಸದ್ದಾಯಿತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ಅಂಗಡಿ ಬಿಟ್ಟು ಮನೆಗೆ ಬಂದಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೆಲ್ಮೆಟನ್ನೂ ತೆಗೆಯದೆ ನನ್ನ ಮುಂದೆ ಕುಕ್ಕರಿಸಿ, ಸೊಪ್ಪಿನ ಸಮೇತ ನನ್ನ ಕೈ ಹಿಡಿದುಕೊಂಡು ಕೇಳಿದರು.

"ನಿಜ ಹೇಳು. ಡಾಕ್ಟ್ರು ಏನಂದ್ರು ನಿಂಗೆ?"