ನೋಡಲು ತಿಳಿಸಿರುತ್ತೇನೆ

ಕೋರ್ಟಿನ ಕನ್ನಡದಲ್ಲಿ ಯಾರೂ ಸಾಯುವುದಿಲ್ಲ, ಸತ್ತಿರುತ್ತಾರೆ. ಯಾರೂ ಹೊಡೆಯುವುದಿಲ್ಲ, ಹೊಡೆದಿರುತ್ತಾರೆ. ಕಡೂರಿನಲ್ಲಿ ಹನ್ನೊಂದು ವರ್ಷ, ಆಮೇಲೆ ತರೀಕೆರೆಯಲ್ಲಿ, ಸಾಕ್ಷಿಗಳ ಹಸಿ ಮಾತನ್ನು ಈ ಭಾಷೆಗೆ ಇಳಿಸುವುದೇ ಬೆರಳಚ್ಚುಗಾರನಾದ ನನ್ನ ಕಸುಬಾಗಿತ್ತು. 'ಆವಯ್ಯ ಬಂದ್ಬುಟ್ಟು ಕಪಾಳಕ್ಕೆ ಬಿಟ್ಟ ಸ್ವಾಮಿ' ಎಂದು ಸಾಕ್ಷಿ ಹೇಳಿದರೆ, 'ಸದರಿ ವ್ಯಕ್ತಿಯು ಬಂದು ಕೆನ್ನೆಗೆ ಹೊಡೆದಿರುತ್ತಾನೆ' ಎಂದು ನನ್ನ ಬೆರಳುಗಳು ತಾವಾಗಿಯೇ ತಿದ್ದಿಕೊಳ್ಳುತ್ತಿದ್ದವು. ನ್ಯಾಯಾಧೀಶರು ಒಂದೊಂದು ವಾಕ್ಯವನ್ನೂ ಹೇಳಿ ಬರೆಸಬೇಕೆಂಬುದು ಪದ್ಧತಿ. ನಮ್ಮ ಸಾಹೇಬರು ಕಡತಗಳ ರಾಶಿಯ ನಡುವಿಂದ 'ಬರ್ಕೊಳ್ರೀ' ಎಂದಷ್ಟೇ ಅನ್ನುತ್ತಿದ್ದರು. ನನ್ನ ಕನ್ನಡದ ಮೇಲೆ ಅವರಿಗೆ ಅಷ್ಟು ಭರವಸೆ. ನನಗೂ ಇತ್ತು.

ನನ್ನ ನಿವೃತ್ತಿ ಹತ್ತಿರವಾಗುತ್ತಿದ್ದಾಗ ತರೀಕೆರೆಯಲ್ಲಿ ನಮಗೆ ಕಂಪ್ಯೂಟರ್ ಕಾಯ್ದೆಯ ಕೇಸೊಂದು ಬಂತು. ಕುರಿ ಕಳವು, ಬದು ಒತ್ತುವರಿಗಳ ನಡುವೆ ಅದು ಮದುವೆಮನೆಗೆ ಬಂದ ದೊಡ್ಡ ಸಾಹೇಬನ ಹಾಗೆ ಕಾಣುತ್ತಿತ್ತು. ಆರೋಪಿ ಅಜ್ಜಂಪುರದ ಒಬ್ಬ ಹೆಂಗಸು. ಜನನ ಮರಣ ದಾಖಲಿಸುವ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ. ದೇವನೂರಿನಿಂದ ಒಬ್ಬ ವಿಧವೆ ಆ ಕಚೇರಿಗೆ ನಾಲ್ಕು ಸಲ ಅಲೆದಿದ್ದಳು. ಅವಳ ಗಂಡನ ಮರಣಪತ್ರದ ಹೆಸರಿನಲ್ಲಿ ಒಂದು ಕೊಂಬು ಹೆಚ್ಚಾಗಿ ಬಿದ್ದು, ಜಮೀನಿನ ಖಾತೆಗೆ ತಾಳೆಯಾಗುತ್ತಿರಲಿಲ್ಲ. ತಿದ್ದುವ ಅಧಿಕಾರ ಮೇಲಧಿಕಾರಿಯ ಪಾಸ್‌ವರ್ಡಿಗೆ ಮಾತ್ರ. ಆ ಪಾಸ್‌ವರ್ಡು ಮಾನಿಟರಿನ ಬೆನ್ನಿಗೆ ಚೀಟಿಯಲ್ಲಿ ಅಂಟಿಕೊಂಡಿತ್ತು. ಕಚೇರಿಯಲ್ಲಿ ಅದನ್ನು ಅರಿಯದವರು ಗೋಡೆಯ ಹಲ್ಲಿಗಳು ಮಾತ್ರ. ಇವಳು ಅದನ್ನು ಒತ್ತಿದಳು, ಕೊಂಬು ತೆಗೆದಳು, ಪತ್ರ ಕೊಟ್ಟಳು. ಖಾತೆ ತನ್ನ ಹೆಸರಿಗೆ ಬರಲೆಂದು ಕಾದಿದ್ದ ಸತ್ತವನ ತಮ್ಮ ದೂರು ಕೊಟ್ಟ.

ಕಾನೂನು ಹೇಳುವುದಿಷ್ಟು: ಕಂಪ್ಯೂಟರಿನ ಉಸ್ತುವಾರಿ ಹೊತ್ತವನ ಅನುಮತಿಯಿಲ್ಲದೆ ಒಳಹೊಕ್ಕರೆ ತಪ್ಪು; ಅದನ್ನೇ ಮೋಸದ ಬುದ್ಧಿಯಿಂದ ಮಾಡಿದರೆ ಅಪರಾಧ. ಹಾಗಾಗಿ ಅವಳ ಕೆಲಸ, ಮರ್ಯಾದೆ ಎಲ್ಲವೂ ಮೇಲಧಿಕಾರಿ ಅನುಮತಿ ಕೊಟ್ಟಿದ್ದನೇ ಎಂಬುದರ ಮೇಲೆ ನಿಂತಿತ್ತು. ಅವನು ಸರ್ಕಾರದ ಸಾಕ್ಷಿಯಾಗಿ ಕಟಕಟೆ ಹತ್ತಿದ. ಅವಳ ವಕೀಲರು ಪಾಟೀಸವಾಲಿಗೆ ಎದ್ದರು.

'ನೀವು ಅವತ್ತು ಕಡೂರಲ್ಲಿ ಮೀಟಿಂಗ್‌ನಲ್ಲಿದ್ರಿ. ಈಯಮ್ಮ ಫೋನ್ ಮಾಡಿದ್ರು. ಹೌದೋ ಅಲ್ವೋ?'

'ಮಾಡಿದ್ರು.'

'ದೇವನೂರಿನವ್ರು ಮತ್ತೆ ಬಂದವ್ರೆ, ಹೆಸ್ರು ತಿದ್ಬೇಕು ಅಂದ್ರಾ?'

'ಏನೋ ಅಂದ್ರಪ್ಪ. ಮೀಟಿಂಗ್ ನಡೀತಿತ್ತು.'

'ನೀವೇನಂದ್ರಿ?'

'ನೀನೇ ನೋಡ್ಕಳಮ್ಮ ಅಂದೆ. ಇನ್ನೇನನ್ಲಿ?'

ಸಾಹೇಬರು ಪಕ್ಕದ ಕಡತದಲ್ಲಿ ಮುಳುಗಿದ್ದರು. 'ಬರ್ಕೊಳ್ರೀ' ಎಂದರು. 'ನೋಡ್ಕಳಮ್ಮ' ಎಂಬುದು ಘನ ನ್ಯಾಯಾಲಯದ ದಾಖಲೆಯಲ್ಲಿ ಕೂರುವಂಥ ಮಾತೇ? ನಾನು ಟೈಪು ಮಾಡಿದೆ: 'ಸದರಿ ಆರೋಪಿಗೆ ನೋಡಲು ತಿಳಿಸಿರುತ್ತೇನೆ.' ಕೊನೆಯಲ್ಲಿ ಹೇಳಿಕೆಯನ್ನು ಸಾಕ್ಷಿಗಷ್ಟೇ ಕೇಳುವ ಹಾಗೆ ಓದಿ ಹೇಳಿದೆ. ಆ ವಾಕ್ಯಕ್ಕೆ ಬಂದಾಗ ಅಧಿಕಾರಿ ತಲೆಯೆತ್ತಿ, 'ಇನ್ನೊಂದ್ಸಲ ಓದಿ' ಎಂದ. ಓದಿದೆ. ಬಹಳ ಸ್ಫುಟವಾಗಿ ಸಹಿ ಹಾಕಿದ. ವಕೀಲರು ಅಷ್ಟರಲ್ಲಿ ಹೊರಗೆ ಇನ್ನೊಬ್ಬ ಕಕ್ಷಿದಾರನ ಜೊತೆ ಮಾತಿಗೆ ನಿಂತಿದ್ದರು.

ವಾದದ ದಿನ ಅವರಿಗೆ ಬಹಳ ಹುರುಪು.

'ನಮ್ ಕಡೆ ಅಮ್ಮನ್ನ ನೋಡ್ಕಳೋ ಅಂದ್ರೆ ಅಮ್ಮನ ಮುಖ ನೋಡ್ತಾ ಕೂತ್ಕೋ ಅಂತಲ್ಲ ಸ್ವಾಮಿ. ಎಮ್ಮೆ ನೋಡ್ಕಳಿ ಅಂದ್ರೆ ಹುಲ್ಲು ಹಾಕ್ಬೇಕು, ಸಗಣಿ ಬಾಚ್ಬೇಕು, ಹಾಲು ಕರೀಬೇಕು. ಇದು ಪೂರ್ತಿ ಅನುಮತಿ!'

ಇಡೀ ಕೋರ್ಟು ನಕ್ಕಿತು. ಸಾಹೇಬರೂ ನಕ್ಕರು.

'ಎಮ್ಮೆ ಚೆನ್ನಾಗಿದೆ ವಕೀಲ್ರೇ. ಆದ್ರೆ ಇಲ್ಲಿ "ನೋಡಲು ತಿಳಿಸಿರುತ್ತೇನೆ" ಅಂತಿದೆ. ನೋಡ್ಕಳಮ್ಮ ಎಲ್ಲಿದೆ ತೋರ್ಸಿ.'

ವಕೀಲರು ಹಾಳೆ ತಿರುವಿದರು, ಮತ್ತೆ ತಿರುವಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಕೀಬೋರ್ಡಿನ ವೈರನ್ನು ನೇರ ಮಾಡುತ್ತಿದ್ದೆ. ಕೇಳದೆ ಬೆರಳಚ್ಚುಗಾರ ಬಾಯಿ ತೆರೆಯಬಾರದೆಂಬ ನಿಯಮವಿದೆ. ಆ ನಿಯಮದ ಮೇಲೆ ನನಗೆ ಅಂದಿನಷ್ಟು ಭಕ್ತಿ ಎಂದೂ ಹುಟ್ಟಿರಲಿಲ್ಲ.

ತೀರ್ಪನ್ನೂ ನಾನೇ ಟೈಪು ಮಾಡಿದೆ. ನೋಡುವ ಅನುಮತಿ ಬೇರೆ, ತಿದ್ದುವ ಅನುಮತಿ ಬೇರೆ. ಪಡಸಾಲೆಗೆ ಕರೆದವನು ಪೆಟ್ಟಿಗೆ ತೆರೆಯಲು ಹೇಳಿದ ಹಾಗಾಗುವುದಿಲ್ಲ. ಮಿತಿ ಗೊತ್ತಿದ್ದೂ ಮೀರಿ, ಒಬ್ಬರ ಹಕ್ಕಿಗೆ ಧಕ್ಕೆ ತರುವ ಬದಲಾವಣೆ ಮಾಡಿದ್ದರಿಂದ ಮೋಸದ ಬುದ್ಧಿ ಸಾಬೀತಾಗಿರುತ್ತದೆ. ತರ್ಕ ಗಟ್ಟಿಯಾಗಿತ್ತು. ಅಡಿಪಾಯ ನನ್ನದು. ಶಿಕ್ಷೆ ದಂಡ, ಮತ್ತು ಅಂದು ಕೋರ್ಟು ಏಳುವವರೆಗೆ ಸೆರೆ. ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರುವುದು. ಸಾಹೇಬರು ಇದನ್ನು ಕರುಣೆ ಎಂದುಕೊಂಡರು, ಮನಸಾರೆ.

ಅವಳು ಸಂಜೆಯವರೆಗೂ ಕೂತಿದ್ದಳು. ಊಟಕ್ಕೆ ಏಳಲಿಲ್ಲ. ಪೇದೆ ನೀರು ತಂದುಕೊಟ್ಟು, 'ಕುಡೀಯಮ್ಮ, ಇನ್ನೇನು ಮುಗೀತು' ಎಂದ. ಅವಳು ಅವನನ್ನೇ ಕೇಳಿದಳು: 'ನಾಳೆಯಿಂದ ನನ್ನನ್ನ ಯಾರಣ್ಣ ಕೆಲಸಕ್ಕೆ ತಗೋತಾರೆ?' ಮರುದಿನ ಗುತ್ತಿಗೆದಾರ ಫೋನಿನಲ್ಲೇ ಬರಬೇಡ ಅಂದನಂತೆ. ತಿದ್ದಿದ ಮರಣಪತ್ರವೂ ಅನೂರ್ಜಿತವಾಗಿ, ದೇವನೂರಿನವಳು ಐದನೆಯ ಸಲ ಅಲೆಯತೊಡಗಿದಳು.

ವಾರ ಕಳೆದು ವಕೀಲರು ನನ್ನ ಮೇಜಿಗೆ ಬಂದರು. 'ಮೇಲ್ಮನವಿ ಹಾಕ್ತಿದೀವಿ. ನೀವು ಕಿವಿಯಾರೆ ಕೇಳಿದ್ರಿ. ಒಂದು ಅಫಿಡವಿಟ್ ಕೊಡಿ ಸ್ವಾಮಿ.'

ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು. ದಾಖಲೆ ತಪ್ಪಾಗಿ ಬರೆದೆನೆಂದು ನಾನೇ ಬರೆದುಕೊಟ್ಟರೆ ಇಲಾಖಾ ವಿಚಾರಣೆ ಖಚಿತ. 'ದಾಖಲೆ ಏನು ಹೇಳ್ತದೋ ಅದೇ ಸರ್' ಎಂದೆ.

ಅಜ್ಜಂಪುರದವಳು ಅವರ ಹಿಂದೆಯೇ ನಿಂತಿದ್ದಳು. ದೃಢೀಕೃತ ನಕಲು ತೆಗೆದುಕೊಳ್ಳಲು ಬಂದವಳು, ಅಧಿಕಾರಿಯ ಹೇಳಿಕೆಯಿದ್ದ ಪುಟವನ್ನು ಅಲ್ಲೇ ಓದಿ ಬೆರಳಿಟ್ಟು ತೋರಿಸಿದಳು.

'ಅವ್ರು ಹಿಂಗಂದಿಲ್ಲ ಸಾರ್. ನೀವೂ ಇದ್ರಿ.'

'ಓದಿ ಹೇಳಿದ್ದೀವಮ್ಮ. ಒಪ್ಕೊಂಡು ಸಹಿ ಹಾಕವ್ರೆ.'

'ನಂಗ್ಯಾರೂ ಓದಿ ಹೇಳ್ಲಿಲ್ಲ ಸಾರ್.'

ಪುಟಪುಟಕ್ಕೂ ಮೊಹರು ಒತ್ತಿ ಕೊಟ್ಟೆ. ಮೇಲಿನ ಕೋರ್ಟು ಆ ಪುಟವನ್ನೇ ಓದಿ ಮೇಲ್ಮನವಿಯನ್ನು ವಜಾ ಮಾಡಿತು. ಆ ಹೊತ್ತಿಗೆ ನಾನು ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತನಾಗಿದ್ದೆ.