ಇಪ್ಪತ್ತಡಿಯ ಗಾಲಿಮನೆ

ಟೆಕ್ಸಸ್ಸಿನ ಪಡುವಣ ಬಯಲಿನ ಫೋರ್ಟ್ ಸ್ಟಾಕ್ಟನ್ನಿನಲ್ಲಿ, ಹೆದ್ದಾರಿಯ ಪಕ್ಕ, ಲೊರೇಟಾ ಪ್ರೂಯಿಟ್ ಮೂವತ್ತೊಂದು ವರ್ಷದಿಂದ ಹಳೆಯ ಗಾಲಿಮನೆಗಳನ್ನು ಮಾರುತ್ತಿದ್ದಳು. ಪಿಕಪ್ಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವಂಥವು. ಒಳಗೆ ಮಂಚ, ಒಲೆ, ಪಾಯಿಖಾನೆ ಎಲ್ಲ ಇರುವಂಥವು. ಇಷ್ಟು ವರ್ಷದಲ್ಲಿ ಅವಳು ಒಂದರಲ್ಲಾದರೂ ಒಂದು ರಾತ್ರಿ ಮಲಗಿದವಳಲ್ಲ. ಯಾಕೆಂದು ಯಾರಾದರೂ ಕೇಳಿದರೆ, “ಮಿಠಾಯಿಗೆ ಏನೇನು ಹಾಕಿದೆ ಅಂತ ಗೊತ್ತಿರೋನು ಮಿಠಾಯಿ ತಿಂತಾನಾ?” ಎನ್ನುತ್ತಿದ್ದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ. ಲೊರೇಟಾ ಬದುಕಿದ್ದು ಮಾತ್ರವಲ್ಲ, ಅಂಗಡಿಯ ಪಕ್ಕದ ಎರಡು ನಿವೇಶನವನ್ನೂ ಸೇರಿಸಿಕೊಂಡಿದ್ದಳು.

ಅವಳ ಗಂಡ ಹೊಯ್ಟ್ ಎಣ್ಣೆಬಾವಿಗಳಿಗೆ ನೀರಿನ ಲಾರಿ ಓಡಿಸಿ ನಿವೃತ್ತನಾದವನು. ಮಾತು ಕಡಿಮೆ, ಆಸೆ ಒಂದೇ. ಹತ್ತೊಂಬತ್ತರ ಹುಡುಗನಾಗಿದ್ದಾಗ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದ ಬೆಟ್ಟಗಳ ನಡುವಿನ ಬೋಗುಣಿಯಂಥ ಕಣಿವೆಯಲ್ಲಿ ಅವನು ಒಂದು ಜನವರಿಯ ಸಂಜೆ ಕಳೆದಿದ್ದ. ಎರಡು ಗುಡ್ಡಗಳ ಸಂದಿಯಲ್ಲಿ ಸೂರ್ಯ ಇಳಿಯುವುದನ್ನು ಹೆಂಡತಿಯ ಪಕ್ಕ ಕೂತು ನೋಡಬೇಕೆಂದು ಮದುವೆಯಾದಾಗಿನಿಂದ ಕೇಳುತ್ತಿದ್ದ. “ಮುಂದಿನ ಚಳಿಗಾಲ” ಎಂದು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಳು. ತಪ್ಪು ಅವಳದ್ದೂ ಅಲ್ಲ. ಉತ್ತರದವರು ಹಿಮಕ್ಕೆ ಹೆದರಿ ಇತ್ತ ಬರುವುದೇ ಚಳಿಗಾಲದಲ್ಲಿ. ಮೀನು ಬರುವ ಹೊತ್ತಿಗೆ ಬಲೆ ಮಡಚಿಡುವ ಬೆಸ್ತ ಎಲ್ಲಾದರೂ ಉಂಟೇ?

ಹೋದ ಜುಲೈನಲ್ಲಿ ಹೊಯ್ಟನಿಗೆ ಅರವತ್ತೆಂಟು ತುಂಬಿತು. ಕೇಕು ಕತ್ತರಿಸುತ್ತ ಲೊರೇಟಾ ಹೇಳಿದಳು, “ಜನವರಿಯಲ್ಲಿ ಹೋಗೋಣ. ಹತ್ತು ದಿನ.”

“ಯಾವ ಶತಮಾನದ ಜನವರಿ ಕಣೇ?” ಎಂದ ಹೊಯ್ಟ್.

ಅವಳಿಗೆ ಚುಚ್ಚಿತು. ಗಿರಾಕಿಗೆ ಕೊಟ್ಟ ಮಾತು ಜಾರಿದರೆ ಇನ್ನೊಬ್ಬ ಗಿರಾಕಿ ಬರುತ್ತಾನೆ. ಗಂಡನ ವಿಷಯದಲ್ಲಿ ಆ ಅನುಕೂಲವಿಲ್ಲ.

ಆ ಕಣಿವೆಯಲ್ಲಿ ಜಾಗ ಬೇಕಾದರೆ ಆರು ತಿಂಗಳ ಮೊದಲೇ, ಬೆಳಗಿನ ಒಂಬತ್ತು ಗಂಟೆಗೆ ಸರಿಯಾಗಿ ಕಂಪ್ಯೂಟರಿನಲ್ಲಿ ಹಿಡಿಯಬೇಕು. ಕಾಫಿ ಆರುವುದರೊಳಗೆ ಎಲ್ಲ ಮುಗಿದಿರುತ್ತದೆ. ಹದಿನೆಂಟು ವರ್ಷದಿಂದ ಅವಳ ಬಳಿ ರಿಪೇರಿ ಕೆಲಸ ಮಾಡುವ ಚೀಲೊ ಬಾಯೆಸಾ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತ.

“ಇನ್ನೂ ಎರಡು ನಿಮಿಷ ಇದೆ ಮಿಸ್ ಲೊರೇಟಾ, ಉಸಿರಾಡಿ.”

“ಉಸಿರಾಡೋಕೆ ಜನವರಿಯಲ್ಲಿ ಹತ್ತು ದಿನ ಇಟ್ಟಿದೀನಿ. ಸುಮ್ನಿರು.”

ಜಾಗ ಸಿಕ್ಕಿತು. ಕಣಿವೆಗಿಳಿಯುವ ರಸ್ತೆ ಹಾವಿನಂತೆ ಸುತ್ತುತ್ತದೆ; ಇಪ್ಪತ್ತಡಿಗಿಂತ ಉದ್ದದ ಗಾಲಿಮನೆ ತರಬೇಡಿ ಎಂದು ಅಲ್ಲೇ ಬರೆದಿತ್ತು. ನಿಮ್ಮದು ಎಷ್ಟು ಉದ್ದ ಎಂಬ ಪ್ರಶ್ನೆಗೆ ಲೊರೇಟಾ ಕಣ್ಣು ಮಿಟುಕಿಸದೆ ‘೨೦’ ಎಂದು ಒತ್ತಿದಳು. ಅಂಗಡಿಯಲ್ಲಿದ್ದ ಬಿಳಿಯದೊಂದನ್ನು ಅವಳು ಆಗಲೇ ಆರಿಸಿಟ್ಟಿದ್ದಳು. ಅದರ ಮೈಮೇಲೆ ಮೊಳದುದ್ದದ ಅಂಕಿಯಲ್ಲಿ ಇಪ್ಪತ್ತು ಎಂದು ಬರೆದಿತ್ತು.

ಅಲ್ಲಿಂದ ಹೊಯ್ಟನ ಆರು ತಿಂಗಳು ಶುರುವಾಯಿತು. ದನದ ಮೇವಿನ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಬೆನ್ನಿಗೆ ಪಟ್ಟಿ ಬರೆದ. ಕಣಿವೆಯಲ್ಲಿ ಗಾಲಿಮನೆಗೆ ಕರೆಂಟೂ ಇಲ್ಲ, ನಲ್ಲಿಯೂ ಇಲ್ಲ. ಆದ್ದರಿಂದ ನೀರಿನ ಕ್ಯಾನು ಎಂಟು. ಸೌದೆ ಉರಿಸುವಂತಿಲ್ಲ, ಆದ್ದರಿಂದ ಗ್ಯಾಸು. ಜನರೇಟರಿಗೆ ಹೊತ್ತು ಗೊತ್ತು ಮಾಡಿದ್ದಾರೆ. ಆದ್ದರಿಂದ ಅದೇ ಬೇಡ, ಬಿಸಿಲಿನಿಂದ ಬ್ಯಾಟರಿ ತುಂಬುವ ಹಲಗೆ ಎರಡು. ಪಿಂಟೊ ಬೀನ್ಸ್ ಎಷ್ಟು ಎನ್ನುವುದರ ಮೇಲೆ ಒಂದು ವಾರ ಜಗಳವಾಯಿತು. ಲಾರಿ ಓಡಿಸುವಾಗ ಮೂವತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ಅವನು ಆ ಪಟ್ಟಿಯ ಮೇಲೆ ಆಡಿದ. ಆದರೂ ಮಡಚುವ ಎರಡು ಕುರ್ಚಿಗಳನ್ನು ಮಾತ್ರ ಕೊನೆಯವರೆಗೂ ಗಾಡಿಗೆ ಹಾಕಲಿಲ್ಲ. “ಹೊರಡೋ ಗ್ಯಾರಂಟಿ ಆದ್ಮೇಲೆ ಹಾಕ್ತೀನಿ” ಎಂದ. ಹೊರಡಲು ನಾಲ್ಕು ದಿನವಿದ್ದಾಗ, ಒಂದು ಸೋಮವಾರ ಮಧ್ಯಾಹ್ನ, ಹಾಕಿದ.

ಅದೇ ಸಂಜೆ ಚೀಲೊ ಗಾಡಿಯನ್ನು ಪಿಕಪ್ಪಿಗೆ ಕಟ್ಟುತ್ತಿದ್ದವನು ಯಾಕೋ ನಿಂತ. ಅಳತೆ ಪಟ್ಟಿ ತಂದ. ಒಮ್ಮೆ ಅಳೆದ, ಮತ್ತೊಮ್ಮೆ ಅಳೆದ.

“ಮಿಸ್ ಲೊರೇಟಾ, ಇದು ಇಪ್ಪತ್ತು ಅಂತ ನಿಮಗೆ ಯಾರು ಹೇಳಿದ್ದು?”

“ಮೈಮೇಲೆ ಬರೆದಿದೆಯಲ್ಲೋ, ಕಣ್ಣೆಲ್ಲಿಟ್ಟಿದೀಯ?”

“ಅದು ಒಳಗಿನ ಕೋಣೆ ಲೆಕ್ಕ. ಮುಂದೆ ಪಿಕಪ್ಪಿಗೆ ಕಟ್ಟೋ ಮೂಕಿ, ಹಿಂದೆ ಬಂಪರು, ಅದನ್ನೆಲ್ಲ ನಾನು ಹೆಗಲ ಮೇಲೆ ಹೊತ್ಕೊಂಡು ಬರ್ಲಾ? ಇಪ್ಪತ್ಮೂರಡಿ ನಾಲ್ಕಿಂಚು.”

ಮೈಮೇಲಿನ ಅಂಕಿಯಲ್ಲಿ ಮೂಕಿ ಲೆಕ್ಕಕ್ಕಿಲ್ಲವೆಂಬುದು ಈ ವ್ಯಾಪಾರದ ಹಾಲು ಕುಡಿದವರಿಗೆಲ್ಲ ಗೊತ್ತು. ಲೊರೇಟಾಗೂ ಗೊತ್ತಿತ್ತು. ಆದರೆ ಹೇಳಿ ಹೇಳಿ ಅವಳ ನಾಲಿಗೆ ಎಷ್ಟು ಪಳಗಿತ್ತೆಂದರೆ, ಕೊನೆಗೆ ಅದು ಆ ಇಪ್ಪತ್ತನ್ನು ಅವಳಿಗೇ ಮಾರಿಬಿಟ್ಟಿತ್ತು.

“ಎಷ್ಟು ಜನಕ್ಕೆ ಇಂಥದ್ದನ್ನ ಇಪ್ಪತ್ತು ಅಂತ ಮಾರಿದೀರಿ?”

“ಯಾರೂ ವಾಪಸ್ ಬಂದು ಜಗಳ ಆಡ್ಲಿಲ್ಲ.”

“ವಾಪಸ್ ಬರೋಕೆ ದಾರೀಲಿ ಗಾಡಿ ತಿರುಗಿಸೋ ಜಾಗ ಸಿಕ್ಕಿರ್ಲಿಕ್ಕಿಲ್ಲ.”

ಅದೇ ಉದ್ಯಾನದ ನದಿಯ ಪಕ್ಕದ ಇನ್ನೊಂದು ಬಿಡಾರದಲ್ಲಿ ಉದ್ದದ ಗಾಡಿಗೂ ಜಾಗವುಂಟು. ಆದರೆ ಜನವರಿಯೆಲ್ಲ ಭರ್ತಿ. ಅವಳ ಅಂಗಡಿಯಲ್ಲಿ ಉಳಿದವೆಲ್ಲ ಇದಕ್ಕಿಂತ ಉದ್ದ. ಲೊರೇಟಾ ಗಾಡಿಯನ್ನು ಬಿಚ್ಚಿಸಿದಳು. ಏನಾದರೊಂದು ದಾರಿ ಸಿಗುವವರೆಗೆ ಗಂಡನಿಗೆ ಹೇಳುವುದು ಬೇಡವೆಂದು ಮನೆಗೆ ಹೋಗಿ ಸುಮ್ಮನೆ ಊಟ ಬಡಿಸಿದಳು.

ಬೆಳಿಗ್ಗೆ ಅವಳು ಅಂಗಡಿಗೆ ಬರುವಷ್ಟರಲ್ಲಿ ಹೊಯ್ಟ್ ಅಲ್ಲಿದ್ದ. ಬಿಚ್ಚಿ ನಿಲ್ಲಿಸಿದ ಗಾಡಿ ನೋಡಿದ್ದಾನೆ. ಕುರ್ಚಿಗಳನ್ನು ಕೆಳಗಿಳಿಸಿ, ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದಾನೆ.

“ಅವನ್ನ ಯಾಕೆ ಇಳಿಸಿದೆ?”

“ಸೀಸನ್ ಜೋರಾಗಿದೆ ಅಂತ ಕಾಣುತ್ತೆ. ಇರ್ಲಿ ಬಿಡು, ಮುಂದಿನ ಚಳಿಗಾಲ.”

ಕೂಗಾಡಿದ್ದರೆ ಅವಳೂ ಕೂಗಾಡುತ್ತಿದ್ದಳು. ಅವಳ ಮಾತನ್ನೇ ಅವನು ಇಷ್ಟು ಮೆತ್ತಗೆ ಹೇಳಿದ್ದು ತಡೆಯಲಾಗಲಿಲ್ಲ.

“ಸೀಸನ್ನೂ ಇಲ್ಲ, ಮಣ್ಣೂ ಇಲ್ಲ. ಗಾಡಿ ಇಪ್ಪತ್ಮೂರಡಿ ಇದೆ ಹೊಯ್ಟ್. ನಾನು ಅಳೀಲಿಲ್ಲ. ಹೊರಗೆ ಬರೆದಿದ್ದನ್ನ ನಂಬಿದೆ.”

ಹೊಯ್ಟ್ ಅವಳನ್ನೇ ನೋಡಿದ. “ನೀನು? ನೀನು ಗಾಡಿ ಮೇಲಿರೋ ಅಂಕಿ ನಂಬಿದ್ಯಾ?”

“ನಂಬಿದೆ ಅಂದ್ನಲ್ಲ!”

ಅವನು ನಗಲು ಶುರುಮಾಡಿದವನು ಟೋಪಿ ಬೀಳುವವರೆಗೂ ನಕ್ಕ. ಟೋಪಿ ಎತ್ತಿಕೊಡಲು ಬಂದ ಚೀಲೊನೂ ನಕ್ಕ. ಕೊನೆಗೆ ಬೇರೆ ದಾರಿ ಕಾಣದೆ ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ಅವಳ ತಲೆ ಓಡಿತು.

ಊರಂಚಿನ ಬಿಡಾರದಲ್ಲಿ ಉತ್ತರದವರ ಗಾಲಿಮನೆಗಳು ಸಾಲಾಗಿ ನಿಂತಿದ್ದವು. ಲೊರೇಟಾ ಒಂದು ಕೈಯಲ್ಲಿ ಪೀಕಾನ್ ಬೀಜದ ಕಡುಬು, ಇನ್ನೊಂದು ಕೈಯಲ್ಲಿ ಗಂಡನ ತೋಳು ಹಿಡಿದು ಸಾಲು ಸಾಲೇ ನಡೆದಳು. ಯಾವುದನ್ನು ಹುಡುಕಬೇಕೆಂದು ಅವಳಿಗೆ ಗೊತ್ತಿತ್ತು. ಎಲ್ಲಿ ಬೆಳಗಿನ ಚಳಿಯಲ್ಲಿ ಗಂಡ ಕಾಫಿ ಕಪ್ಪು ಹಿಡಿದು ಹೊರಗೆ ನಿಂತಿದ್ದಾನೋ ಆ ಗಾಡಿ ಅವರಿಗೆ ಸಾಲುತ್ತಿಲ್ಲ. ಮೂರನೆಯ ಸಾಲಿನಲ್ಲಿ ಅಂಥವನೊಬ್ಬ ಸಿಕ್ಕಿದ. ಮಿನೆಸೋಟದ ವೆಂಡೆಲ್.

“ಯಜಮಾನ್ತಿ ಒಳಗಿದಾರಾ?”

“ತಲೆ ಬಾಚ್ತಿದಾಳೆ. ಇಬ್ರೂ ಇದ್ರೆ ಮೊಣಕೈ ತಾಗುತ್ತೆ.”

“ಎಷ್ಟು ಹೊತ್ತಿಂದ ನಿಂತಿದೀರಿ?”

“ನವೆಂಬರಿನಿಂದ.”

ಅಷ್ಟರಲ್ಲಿ ಹೊಯ್ಟ್ ಮೂಕಿಯ ತುದಿಯಿಂದ ಬಂಪರಿನವರೆಗೆ ಪಟ್ಟಿ ಹಿಡಿದು, ಹದಿನೆಂಟಡಿ ಹತ್ತಿಂಚು ಎಂದು ಬೆರಳಲ್ಲೇ ಸನ್ನೆ ಮಾಡಿದ. ಹತ್ತು ದಿನ ಗಾಡಿ ಅದಲುಬದಲು ಮಾಡಿಕೊಳ್ಳೋಣವೆಂದು ಲೊರೇಟಾ ಕೇಳಿದಳು. ವೆಂಡೆಲ್ ಕಡುಬನ್ನೂ ಅವಳನ್ನೂ ಅನುಮಾನದಿಂದ ನೋಡಿದ.

“ಇದ್ರಲ್ಲಿ ನಿಮಗೇನು ಲಾಭ?”

ಈ ಪ್ರಶ್ನೆಗೆ ಅವಳ ಬಳಿ ಹನ್ನೆರಡು ಉತ್ತರ ಸದಾ ಸಿದ್ಧ. ಇವತ್ತು ಹದಿಮೂರನೆಯದು ಬಾಯಿಗೆ ಬಂತು, ನಿಜವಾದದ್ದು.

“ಗಂಡನಿಗೆ ಮಾತು ಕೊಟ್ಟಿದೀನಿ. ನಮ್ಮ ಗಾಡಿ ಆ ಕಣಿವೆಗೆ ಇಳಿಯಲ್ಲ. ಹೊರಗೆ ಬರೆದಿರೋದು ಇಪ್ಪತ್ತು, ಇರೋದು ಇಪ್ಪತ್ಮೂರಡಿ ಮೇಲೆ.”

ಕಿಟಕಿಯಿಂದ ಅರ್ಧ ಬಾಚಿದ ತಲೆಯೊಂದು ಹೊರಬಂತು. ವೆಂಡೆಲನ ಹೆಂಡತಿ ಮಾರ್ಲಿಸ್. “ಮೂರಡಿ ಜಾಸ್ತಿ ಇದೆಯಾ?”

“ಇದೆ. ಮಲಗೋ ಕೋಣೆಗೆ ಬಾಗಿಲೂ ಇದೆ.”

“ವೆಂಡೆಲ್, ಬೀಗದಕೈ ಕೊಡು ಅವರಿಗೆ.”

ನಿಜ ಹೇಳಿದರೂ ವ್ಯಾಪಾರ ಕುದುರುತ್ತದೆಂಬುದು ಲೊರೇಟಾಗೆ ಅರವತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ತೀರಾ ತಡವಾಗಿ ತಿಳಿದದ್ದಕ್ಕೆ ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಮೊದಲೇ ತಿಳಿದಿದ್ದರೆ ಪಕ್ಕದ ನಿವೇಶನಗಳು ಬರುತ್ತಿದ್ದವೋ ಇಲ್ಲವೋ.

ಶುಕ್ರವಾರ ಮಧ್ಯಾಹ್ನ ಆ ಪುಟ್ಟ ಗಾಡಿ ಕೊನೆಯ ತಿರುವುಗಳನ್ನು ಒಂದೊಂದಾಗಿ ಇಳಿಯಿತು. ಒಂದೊಂದು ತಿರುವಿಗೂ ಲೊರೇಟಾ ಕಣ್ಣು ಮುಚ್ಚಿದಳು, ಹೊಯ್ಟ್ “ಆಯ್ತು ಬಿಡು” ಎಂದ. ಅಂದು ಸಂಜೆ ಎರಡು ಕುರ್ಚಿ ಹಾಕಿದರು. ಸಂದಿಯಲ್ಲಿ ಸೂರ್ಯ ಇಳಿದ. ಐದು ನಿಮಿಷ ಅವಳು ಬಾಯಿ ಬಿಡಲಿಲ್ಲ. ಹೊಯ್ಟನಿಗೆ ಸೂರ್ಯನಿಗಿಂತ ಅದೇ ಹೆಚ್ಚು ಅಪರೂಪವೆನಿಸಿ ಅವಳತ್ತಲೇ ತಿರುಗಿ ಕೂತ.

ನಾಲ್ಕನೆಯ ದಿನ ಮೇಲಿನ ವಸತಿಗೃಹದವರೆಗೆ ಇಬ್ಬರೂ ನಡೆದು ಹೋಗಿದ್ದಾಗ, ಬಿಡಾರದಲ್ಲಿ ಸಿಗದ ಸಿಗ್ನಲ್ ಸಿಕ್ಕಿ ಅವಳ ಫೋನಿಗೆ ಜೀವ ಬಂತು. ಚೀಲೊ.

“ಮಿಸ್ ಮಾರ್ಲಿಸ್ ಗಾಡಿ ಬಿಟ್ಟು ಇಳೀತಿಲ್ಲ. ಕೊಂಡೇ ಬಿಡ್ತಾರಂತೆ. ಇನ್ನೂ ಎರಡು ಕುಟುಂಬ ಬಂದು ಕೂತಿದೆ. ನೀವು ಒಂದು ಮಧ್ಯಾಹ್ನ ಬಂದು ಹೋದ್ರೆ ಮೂರೂ ಮುಗಿಯುತ್ತೆ.”

ಲೊರೇಟಾಳ ಕಾಲು ತಾನಾಗಿಯೇ ಕೆಳಗೆ ನಿಲ್ಲಿಸಿದ್ದ ಪಿಕಪ್ಪಿನ ಕಡೆ ತಿರುಗಿತು. ಎರಡೂವರೆ ಗಂಟೆಯ ದಾರಿ.

“ಹೋಗಿ ಬಾ,” ಎಂದ ಹೊಯ್ಟ್. “ನಾಲ್ಕು ದಿನ ಬಂದ್ಯಲ್ಲ, ನನಗದೇ ದೊಡ್ಡದು.”

ಅವನು ಕುಟುಕಿ ಹೇಳಿದ್ದಲ್ಲ, ಮನಸಾರೆ ಹೇಳಿದ್ದು. ಲೊರೇಟಾ ಫೋನನ್ನು ಕಿವಿಗೆ ಒತ್ತಿದಳು.

“ಚೀಲೊ, ನೀನೇ ಮಾರು.”

“ನಾನಾ?”

“ಹದಿನೆಂಟು ವರ್ಷದಿಂದ ಆ ಬಾಯನ್ನ ನನ್ನ ಮೇಲೆ ಮಾತ್ರ ಬಿಟ್ಟಿದೀಯ. ಇವತ್ತು ಗಿರಾಕಿ ಮೇಲೆ ಬಿಡು. ಇನ್ನು ಆರು ದಿನ ನಾನು ಸಿಗಲ್ಲ.”

ಫೋನು ಆರಿಸಿ ಜೇಬಿಗೆ ಹಾಕಿದಳು. ಹೊಯ್ಟ್ ಅವಳ ಹಣೆ ಮುಟ್ಟಿ ನೋಡಿದ.

“ಜ್ವರ ಇಲ್ಲ ತಾನೆ?”

“ಹತ್ತು ದಿನ ಅಂದಿದೀನಿ. ನಾಳೆಗೇನಿದೆ ನಿನ್ನ ಪಟ್ಟೀಲಿ?”

“ನದಿ ಪಕ್ಕ ಬಿಸಿನೀರಿನ ಬುಗ್ಗೆ. ಆರಕ್ಕೇ ಹೊರಟುಬಿಡೋಣ.”

“ಎಂಟು.”

“ಆರೂವರೆ. ಆಮೇಲೆ ಜನ ಸೇರ್ತಾರೆ.”

“ಏಳೂವರೆ. ಕಾಫಿ ನೀನು ಮಾಡ್ಬೇಕು.”

“ಕಾಫಿ ಮಾಡೋದಾದ್ರೆ ಏಳು.”

ಲೊರೇಟಾ ನಿಂತು, ಎದುರಾಳಿಯನ್ನು ಮೇಲಿಂದ ಕೆಳಗೆ ಅಳೆದು, ಕೈ ಚಾಚಿದಳು. ಹೊಯ್ಟ್ ಕೈ ಕುಲುಕಿದ. ಇಬ್ಬರಿಗೂ ತಾವೇ ಗೆದ್ದೆವೆನಿಸಿತು.