ಹಂತಕ್ಕೆ ಕೊಟ್ಟ ಅಂಕ

ಮೂವತ್ತು ವರ್ಷ ಜಯನಗರದ ಶಾಲೆಯೊಂದರಲ್ಲಿ ಗಣಿತ ಕಲಿಸಿದೆ. ಉತ್ತರ ತಪ್ಪಿದ್ದರೂ ಹಂತಗಳು ಸರಿಯಿದ್ದರೆ ಅಂಕ ಕೊಡುತ್ತಿದ್ದೆ. ನಿವೃತ್ತಿಯಾದ ಮೇಲೆ ಸಿಕ್ಕ ಕೆಲಸವೂ ಅದೇ: ಎಐ ಬರೆಯುವ ಉತ್ತರಗಳನ್ನು ಹಂತಹಂತವಾಗಿ ತಿದ್ದಿ ಅಂಕ ಹಾಕುವುದು. ಪುಟ್ಟೇನಹಳ್ಳಿ ಕೆರೆಯ ವಿಸ್ತೀರ್ಣ ಕೇಳಿದ್ದಕ್ಕೆ ಅದು, 'ಮೂರು ದಾಖಲೆ ತೆರೆದು ಓದಿದೆ, ಹೋಲಿಸಿ ನೋಡಿದೆ' ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಪೂರ್ತಿ ಅಂಕ ಕೊಟ್ಟೆ.

ಮರುದಿನ ಆಫೀಸಿನಿಂದ ಫೋನ್ ಬಂತು. "ಮೇಡಂ, ಅದು ಏನೇನು ಮಾಡಿತ್ತು ಅನ್ನೋ ಲಾಗ್ ನೋಡಿದ್ವಿ. ಅದು ಒಂದು ದಾಖಲೇನೂ ತೆಗೆದಿಲ್ಲ. ಉತ್ತರ ಊಹೆ ಮಾಡಿ, ಆಮೇಲೆ ಹಂತ ಕಟ್ಟಿದೆ."

ಮೈಯೆಲ್ಲ ಉರಿಯಿತು. ಮುಖಕ್ಕೇ ಸುಳ್ಳು ಹೇಳಿತ್ತಲ್ಲ, ದರಿದ್ರದ್ದು!

ಫೋನ್ ಇಟ್ಟಾಗ ನನ್ನ ಕ್ಲಾಸಿನ ಹುಡುಗಿಯೊಬ್ಬಳು ನೆನಪಾದಳು. ಹಿಂದೊಮ್ಮೆ ಹಂತ ಬರೆಯದೆ ಬರೀ ಸರಿಯುತ್ತರ ಬರೆದಿದ್ದ ಅವಳು, "ಮಿಸ್, ಮನಸ್ಸಲ್ಲೇ ಲೆಕ್ಕ ಮಾಡ್ದೆ" ಎಂದು ಅತ್ತಿದ್ದಳು. ಕಾಪಿ ಹೊಡೆದಿದ್ದೀಯ ಎಂದು ಗದರಿ ಸೊನ್ನೆ ಹಾಕಿದ್ದೆ.